ಕೆಂಪು ಚುಕ್ಕೆಗಳ ಕೆಲಸ: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಇನ್ಸುಲಿನ್ ಬಗ್ಗೆ ಉತ್ತರ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ. ನಾನು ಹೆಬ್ಬಾಳದಲ್ಲಿ ವೆಟರ್ನರಿ ಓದಿದವಳು, ಆಮೇಲೆ ಹನ್ನೊಂದು ವರ್ಷ ಅಮೆರಿಕದ ಒಂದು ಲ್ಯಾಬಿನಲ್ಲಿ ಹಂದಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಮಾಡುವ ಕೋಶಗಳ ಪುಟ್ಟ ಗುಂಪುಗಳನ್ನು, ಅಂದರೆ ಐಲೆಟ್‌ಗಳನ್ನು ಬಿಡಿಸುವ ಕೆಲಸ ಮಾಡಿದವಳು ಅಂತ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಜಾಗ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ನನ್ನ ಮಗನಿಗೆ 11 ವರ್ಷ. ಎರಡು ವರ್ಷದಿಂದ ಟೈಪ್ 1 ಶುಗರ್. ದಿನಕ್ಕೆ ನಾಲ್ಕು ಸಲ ಇಂಜೆಕ್ಷನ್. ಹಂದಿಯ ಕೋಶ ಹಾಕಿಸಿದರೆ ಇನ್ಸುಲಿನ್ ಬೇಕಾಗುವುದಿಲ್ಲ ಅಂತ ಮೊಬೈಲಿನಲ್ಲಿ ವಿಡಿಯೊ ಬಂದಿದೆ. ಪರಿಚಯದ ಒಬ್ಬರು ವಿದೇಶದಲ್ಲಿ ಮಾಡಿಸಿಕೊಡುತ್ತೇವೆ, ಮುಂಗಡ ಕಟ್ಟಿ ಅನ್ನುತ್ತಿದ್ದಾರೆ. ಜಮೀನು ಮಾರಿಯಾದರೂ ಮಾಡಿಸೋಣ ಅಂತ ಯಜಮಾನರು ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಜಮೀನು ಮಾರಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಹಂದಿಯ ಐಲೆಟ್ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಆಸ್ಪತ್ರೆಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಂಡು ಬರುವ ಚಿಕಿತ್ಸೆಯಾಗಿ ಅದು ಬಂದಿಲ್ಲ. ಸಾಚಾ ಪ್ರಯೋಗ ಮಾಡುವವರು ಮನೆ ಬಾಗಿಲಿಗೆ ದಲ್ಲಾಳಿ ಕಳಿಸುವುದಿಲ್ಲ, ಮುಂಗಡ ಕೇಳುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರಯೋಗ ನಡೆಸುವವರು ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಮೊದಲೇ ನೋಂದಾಯಿಸಬೇಕು. ವಿದೇಶದಲ್ಲೇ ಮಾಡಿಸುವುದಾದರೂ ಅಂಥ ನೋಂದಣಿ ಸಂಖ್ಯೆ ಇದೆಯಾ ಅಂತ ನಿಮ್ಮ ಪರಿಚಯದವರನ್ನು ಕೇಳಿ ನೋಡಿ.

ಇನ್ನೊಂದು ಮಾತು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಬೇರೆಯವರ ಕೋಶ ಮೈಯೊಳಗೆ ಹೋದರೆ ನಮ್ಮ ಮೈ ಅದನ್ನು ಕೊಲ್ಲಲು ನೋಡುತ್ತದೆ. ಅದನ್ನು ತಡೆಯಲು ದಿನಾ ಮಾತ್ರೆ ನುಂಗಬೇಕು. ಆ ಮಾತ್ರೆ ಮೈಯ ಕಾವಲನ್ನೇ ಕುಗ್ಗಿಸುತ್ತದೆ. ಸೋಂಕು ಜಾಸ್ತಿಯಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳಬಹುದು, ವರ್ಷಗಳು ಕಳೆದಂತೆ ಕೆಲವು ಕ್ಯಾನ್ಸರ್‌ಗಳ ಭಯವೂ ಇದೆ. ಮನುಷ್ಯರ ಐಲೆಟ್ ಹಾಕುವ ಕಡೆಗಳಲ್ಲೂ ಅದನ್ನು ಕೊಡುವುದು ಮುಖ್ಯವಾಗಿ ಒಂದು ಬಗೆಯ ದೊಡ್ಡವರಿಗೆ. ಶುಗರ್ ಇದ್ದಕ್ಕಿದ್ದಂತೆ ಇಳಿಯುವುದು ಗೊತ್ತೇ ಆಗದೆ ಪದೇ ಪದೇ ಪ್ರಜ್ಞೆ ತಪ್ಪಿ ಬೀಳುವವರಿಗೆ. ಹನ್ನೊಂದು ವರ್ಷದ ಹುಡುಗನಿಗೆ ಇನ್ಸುಲಿನ್ ಸರಿಯಾಗಿ ಸಿಗುತ್ತಿದ್ದರೆ ಅದೇ ಒಳ್ಳೆಯ ಚಿಕಿತ್ಸೆ.

ನಿಮ್ಮ ಪತ್ರ ಓದಿ ನನಗೆ ನಮ್ಮಮ್ಮ ನೆನಪಾದರು. 1983ರಲ್ಲಿ ನನ್ನ ತಮ್ಮನಿಗೆ ಟೈಪ್ 1 ಬಂತು. ಅವನಿಗೆ ಎಂಟು ವರ್ಷ, ನನಗೆ ಹನ್ನೆರಡು. ಅರಸೀಕೆರೆ ಪಕ್ಕದ ಹಳ್ಳಿ, ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಸೀಸೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ನೀರಿನ ಮಡಕೆಯೊಳಗೆ ತೇಲಿಬಿಡುತ್ತಿದ್ದರು. ಗಾಜಿನ ಸಿರಿಂಜನ್ನು ಬೆಳಿಗ್ಗೆ ಕಾಫಿಗೆ ಮೊದಲು ಕುದಿಸುತ್ತಿದ್ದರು. ಒಂದು ರಾತ್ರಿ ಅವನು ಬೆವರಿ ಒದ್ದೆಯಾಗಿ, ಕರೆದರೂ ಮಾತಾಡದೆ ಬಿದ್ದಿದ್ದ. ಅಮ್ಮ ಒಂದು ಚಿಟಿಕೆ ಸಕ್ಕರೆಯನ್ನು ಬೆರಳಿನಿಂದ ಅವನ ಕೆನ್ನೆಯ ಒಳಗೆ ಸವರಿ ಸವರಿ ಎಬ್ಬಿಸಿದರು. ಆ ಮೇಲೆ ಯಾರು ಯಾವ ಬೇರು ತಂದುಕೊಟ್ಟರೂ ನಾವು ನಂಬುವ ಹಾಗಾಗಿದ್ದೆವು. ಇನ್ಸುಲಿನ್ ಬಿಡಿಸಿ ಕಷಾಯ ಕುಡಿಸಿ ಅಂದವರೂ ಇದ್ದರು. ಅಮ್ಮ ಬಿಡಿಸಲಿಲ್ಲ. ಅವನಿಗೆ ಈಗ ಐವತ್ತು ದಾಟಿದೆ.

ಆ ಮುಂಗಡದ ದುಡ್ಡು ಕೈಯಲ್ಲಿದ್ದರೆ, ಸಕ್ಕರೆ ಮಟ್ಟ ತೋರಿಸುವ ಸೆನ್ಸರ್ ಬಗ್ಗೆ ಮಗನ ಡಾಕ್ಟರ್ ಹತ್ತಿರ ಮಾತಾಡಿ. ರಾತ್ರಿ ನೀವೂ ನಾಲ್ಕು ಗಂಟೆ ನಿದ್ದೆ ಮಾಡಬಹುದು.

ಹಂದಿಯೇ ಯಾಕೆ? ಹಸುವಿನದ್ದೋ ಕುರಿಯದ್ದೋ ಆಗುವುದಿಲ್ಲವೆ? ಸತ್ತ ಮನುಷ್ಯರ ಗ್ರಂಥಿ ಸಾಲದೆ?
— ನಿವೃತ್ತ ಶಿಕ್ಷಕರು, ಸಾಗರ

ಕುರಿಯದ್ದನ್ನು ನೋಡಿಯಾಗಿದೆ ಸರ್, ಬಹಳ ಹಿಂದೆಯೇ. 1893ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಟ್ಸನ್ ವಿಲಿಯಮ್ಸ್ ಅನ್ನುವ ವೈದ್ಯರು, ಸಾಯುವ ಸ್ಥಿತಿಯಲ್ಲಿದ್ದ 15 ವರ್ಷದ ಹುಡುಗನೊಬ್ಬನ ಚರ್ಮದ ಕೆಳಗೆ ಆಗ ತಾನೇ ಕೊಯ್ದ ಕುರಿಯ ಗ್ರಂಥಿಯ ತುಂಡುಗಳನ್ನು ಇಟ್ಟರು. ಮೂರು ದಿನಕ್ಕೆ ಹುಡುಗ ಹೋದ. ಇನ್ಸುಲಿನ್ ಅನ್ನುವುದು ಸಿಕ್ಕಿದ್ದು 1921ರಲ್ಲಿ, ಟೊರಾಂಟೊದಲ್ಲಿ. ಅಂದರೆ ಅದಕ್ಕೂ 28 ವರ್ಷ ಮೊದಲೇ ಒಬ್ಬರು ಸರಿಯಾದ ದಿಕ್ಕಿನಲ್ಲಿ ಯೋಚಿಸಿದ್ದರು.

ಹಂದಿ ಯಾಕೆ ಅಂದರೆ, ಅದರ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಕೊಂಡಿಯ ವ್ಯತ್ಯಾಸ. ಇನ್ಸುಲಿನ್ 51 ಅಮೈನೊ ಆಮ್ಲಗಳ ಸರ. ಹಂದಿಯದರಲ್ಲಿ ಒಂದು ಬೇರೆ, ಹಸುವಿನದರಲ್ಲಿ ಮೂರು ಬೇರೆ. ಹಂದಿ ಮತ್ತು ದನದ ಇನ್ಸುಲಿನ್ನನ್ನೇ ಜನ ಅರವತ್ತು ವರ್ಷ ಚುಚ್ಚಿಕೊಂಡು ಬದುಕಿದರು. ನನ್ನ ತಮ್ಮನ ಮಡಕೆಯ ಸೀಸೆಯಲ್ಲಿದ್ದದ್ದೂ ಪ್ರಾಣಿಯದೇ. ಹಂದಿಯ ರಕ್ತದ ಸಕ್ಕರೆ ಮಟ್ಟವೂ ನಮ್ಮದಕ್ಕೆ ಹತ್ತಿರ. ಒಂದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕುತ್ತದೆ.

ಸತ್ತವರ ಗ್ರಂಥಿ ಸಾಲುವುದಿಲ್ಲ. ನಮ್ಮ ದೇಶದಲ್ಲಿ ಮರಣಾನಂತರ ಅಂಗದಾನ ಹತ್ತು ಲಕ್ಷ ಜನರಿಗೆ ಒಂದಕ್ಕಿಂತ ಕಡಿಮೆ. ಸಿಕ್ಕ ಗ್ರಂಥಿಗಳಲ್ಲೂ ಎಲ್ಲವೂ ಐಲೆಟ್ ತೆಗೆಯಲು ಬರುವುದಿಲ್ಲ. ಒಬ್ಬ ರೋಗಿಗೆ ಅನೇಕ ಸಲ ಇಬ್ಬರು ದಾನಿಗಳ ಐಲೆಟ್ ಬೇಕಾಗುತ್ತದೆ.

ನಾನು ಬಯೋಟೆಕ್ನಾಲಜಿ ಓದುತ್ತಿದ್ದೇನೆ. ಪುಸ್ತಕದಲ್ಲಿ ‘ಕೊಲಾಜಿನೇಸ್‌ನಿಂದ ಐಲೆಟ್‌ಗಳನ್ನು ಬೇರ್ಪಡಿಸಲಾಗುತ್ತದೆ’ ಅಂತ ಒಂದು ಸಾಲಿದೆ, ಅಷ್ಟೇ. ನಿಜವಾಗಿ ಹೇಗೆ ಮಾಡುತ್ತಾರೆ, ಒಂದು ದಿನದ ಕೆಲಸವನ್ನು ಬಿಡಿಸಿ ಹೇಳುತ್ತೀರಾ?
— ವಿದ್ಯಾರ್ಥಿನಿ, ಧಾರವಾಡ

ಈ ಪ್ರಶ್ನೆಗೆ ಕಾಯುತ್ತಿದ್ದೆ.

1869ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲಾಂಗರ್‌ಹಾನ್ಸ್ ಅನ್ನುವ ವಿದ್ಯಾರ್ಥಿ, ಹೆಚ್ಚು ಕಡಿಮೆ ನಿನ್ನ ವಯಸ್ಸಿನವನೇ, ಈ ಗ್ರಂಥಿಯೊಳಗೆ ಅಲ್ಲಲ್ಲಿ ಬೇರೆ ಥರದ ಕೋಶಗಳ ಗುಂಪು ಕಂಡ. ಅವು ಏನು ಮಾಡುತ್ತವೆ ಅಂತ ಅವನಿಗೆ ತಿಳಿಯಲಿಲ್ಲ. ನೋಡಲು ನೀರಿನ ನಡುವಿನ ನಡುಗಡ್ಡೆಗಳ ಹಾಗಿವೆ, ಹಾಗಾಗಿ ಆಮೇಲೆ ಐಲೆಟ್ ಅಂದರು. ಇನ್ಸುಲಿನ್ ಅನ್ನುವ ಹೆಸರಿನಲ್ಲೂ ನಡುಗಡ್ಡೆಯೇ ಇದೆ, ಲ್ಯಾಟಿನ್ನಿನಲ್ಲಿ ಇನ್ಸುಲಾ ಅಂದರೆ ಅದೇ. ಮನುಷ್ಯನ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಐಲೆಟ್ ಇವೆ. ಆದರೂ ಎಲ್ಲ ಸೇರಿ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ಉಳಿದದ್ದೆಲ್ಲ ಊಟ ಅರಗಿಸುವ ರಸ ಮಾಡುವ ಕೋಶಗಳು.

ಗಸಗಸೆ ಹಾಕಿದ ಬೆಲ್ಲದ ಅಚ್ಚು ಅಂದುಕೋ. ಬೆಲ್ಲ ಕರಗಬೇಕು, ಗಸಗಸೆ ಒಂದೂ ಒಡೆಯಬಾರದು. ಗಸಗಸೆಯಾದರೂ ಗಟ್ಟಿ. ಐಲೆಟ್ ಅದಕ್ಕಿಂತ ತುಂಬ ಸಣ್ಣದು, ಒಂದು ಮಿಲಿಮೀಟರಿನ ಏಳನೇ ಒಂದು ಪಾಲು ಅಷ್ಟೇ, ಮತ್ತು ಜೀವ ಇರುವಂಥದ್ದು. ಸುತ್ತಲಿನ ಬೆಲ್ಲದೊಳಗೇ ಅರಗಿಸುವ ರಸ ಅಡಗಿದೆ. ಆ ಕೋಶಗಳು ಒಡೆದರೆ ರಸ ಹೊರಬಂದು ಐಲೆಟ್ಟನ್ನೂ ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಇದು ಮೊದಲಿಂದ ಕೊನೆಯವರೆಗೂ ಗಡಿಯಾರದ ಜೊತೆಗಿನ ಓಟ.

ಬೆಳಗಿನ ಐದೂವರೆಗೆ ಹಂದಿಗೆ ಪೂರ್ತಿ ಅರಿವಳಿಕೆ ಕೊಡುತ್ತಿದ್ದೆವು. ರಕ್ತದ ಹರಿವು ನಿಂತ ಕ್ಷಣದಿಂದ ನಿಮಿಷ ಎಣಿಕೆ ಶುರು. ಗ್ರಂಥಿಯನ್ನು ಚುರುಕಾಗಿ ತೆಗೆದು ಐಸಿನಂಥ ದ್ರಾವಣಕ್ಕೆ ಹಾಕಬೇಕು. ಇಲ್ಲಿ ಹತ್ತು ನಿಮಿಷ ತಡವಾದರೆ ಸಂಜೆಗೆ ಅದರ ಬೆಲೆ ಕಾಣುತ್ತದೆ. ದೊಡ್ಡ ಹೆಣ್ಣುಹಂದಿಯ ಗ್ರಂಥಿ ಕಾಲು ಕೆಜಿಯ ಆಸುಪಾಸು ತೂಗುತ್ತದೆ. ಬಣ್ಣ ತಿಳಿ ಗುಲಾಬಿ, ಮುಟ್ಟಿದರೆ ಬೆಂದ ಗೆಣಸಿನಷ್ಟು ಮೆತ್ತಗೆ.

ನಾನು ಮಾಡುತ್ತಿದ್ದ ಕೆಲಸ ಅದರ ನಾಳಕ್ಕೆ ಸಣ್ಣ ಕೊಳವೆ ಸೇರಿಸಿ ಕೊಲಾಜಿನೇಸ್ ತುಂಬಿಸುವುದು. ಇದು ಒಂದು ಬ್ಯಾಕ್ಟೀರಿಯಾದಿಂದ ಪಡೆಯುವ ಕಿಣ್ವ. ಕೋಶಗಳನ್ನು ಹಿಡಿದಿಟ್ಟಿರುವ ಕೊಲಾಜನ್ ಅನ್ನುವ ಅಂಟನ್ನು ಕತ್ತರಿಸುತ್ತದೆ. ತಣ್ಣಗಿರುವಾಗ ಕಿಣ್ವ ನಿದ್ದೆಯಲ್ಲಿರುತ್ತದೆ, ಹಾಗಾಗಿ ತಣ್ಣಗೇ ತುಂಬಿಸಬೇಕು. ನಿಧಾನವಾಗಿ ಒತ್ತುತ್ತಾ ಹೋದರೆ ಗ್ರಂಥಿ ಬಾಲದ ತುದಿಯವರೆಗೂ ಉಬ್ಬುತ್ತದೆ, ನೆನೆಸಿದ ಹಪ್ಪಳದ ಹಿಟ್ಟು ಉಬ್ಬಿದಂತೆ. ಎಲ್ಲಾದರೂ ಚರ್ಮ ಹರಿದಿದ್ದರೆ ಅಲ್ಲಿಂದ ಸೋರುತ್ತದೆ. ಆಗ ಎಡಗೈ ಹೆಬ್ಬೆರಳಿನಲ್ಲಿ ತೂತು ಒತ್ತಿ ಹಿಡಿದು, ಬಲಗೈಯಲ್ಲಿ ಇಕ್ಕಳ ಹಾಕಬೇಕು. ಐಸಿನಲ್ಲಿ ಬೆರಳು ಮರಗಟ್ಟುತ್ತಿತ್ತು. ಆದರೂ ಆ ಬೆರಳು ತೆಗೆಯುವ ಹಾಗಿಲ್ಲ. ಸೋರಿದ ಭಾಗದ ಐಲೆಟ್ ಕೈಗೆ ಸಿಗುವುದಿಲ್ಲ.

ಆಮೇಲೆ ಗ್ರಂಥಿಯನ್ನು ಏಳೆಂಟು ತುಂಡು ಮಾಡಿ ಸ್ಟೀಲಿನ ಒಂದು ಪಾತ್ರೆಗೆ ಹಾಕುತ್ತೇವೆ. ಜೊತೆಗೆ ಗೋಲಿಯಂಥ ಸ್ಟೀಲ್ ಗುಂಡುಗಳು. ಮೇಲೆ ಜಾಲರಿ. ಇದಕ್ಕೆ ರಿಕಾರ್ಡಿ ಚೇಂಬರ್ ಅನ್ನುತ್ತಾರೆ. ಕಮಿಲೊ ರಿಕಾರ್ಡಿ 1988ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ಐಲೆಟ್ ಲ್ಯಾಬುಗಳಲ್ಲಿ ನಡೆಯುವುದು ಇದೇ. ಬೆಚ್ಚಗಿನ ದ್ರಾವಣ ಸುತ್ತುತ್ತಾ 37 ಡಿಗ್ರಿಗೆ ಬಂದಾಗ ಕಿಣ್ವ ಎಚ್ಚರಗೊಳ್ಳುತ್ತದೆ. ಮನುಷ್ಯರ ಗ್ರಂಥಿಯಾದರೆ ಪಾತ್ರೆಯನ್ನು ಚೆನ್ನಾಗಿ ಕುಲುಕಬಹುದು. ಹಂದಿಯದನ್ನು ಹಾಗೆ ಕುಲುಕಿದರೆ ಕೆಟ್ಟಿತು. ಮನುಷ್ಯರ ಐಲೆಟ್ ಸುತ್ತ ಇರುವಂಥ ಗಟ್ಟಿ ಹೊದಿಕೆ ಹಂದಿಯದಕ್ಕೆ ಇಲ್ಲ. ಕೈಗೂಸನ್ನು ತೂಗುವ ಹಾಗೆ ತೂಗಬೇಕು.

ಇನ್ನು ಎರಡೆರಡು ನಿಮಿಷಕ್ಕೆ ಒಂದು ಚೂರು ದ್ರವ ಹೊರತೆಗೆದು, ಡಿತಿಜೋನ್ ಅನ್ನುವ ಬಣ್ಣದ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಇನ್ಸುಲಿನ್ ಇರುವ ಕಡೆ ಸತು ಇರುತ್ತದೆ. ಡಿತಿಜೋನ್ ಸತುವನ್ನು ಹಿಡಿದು ಕೆಂಪಾಗುತ್ತದೆ. ಬೇರೆ ಯಾವುದೂ ಕೆಂಪಾಗುವುದಿಲ್ಲ. ಮೊದಲ ಸ್ಯಾಂಪಲ್‌ಗಳಲ್ಲಿ ಬರೀ ಮಸುಕು ಹಳದಿ ಮುದ್ದೆ. ಮತ್ತೆ ನೋಡಿದರೆ ಮುದ್ದೆಯೊಳಗೆ ಸಿಕ್ಕಿಕೊಂಡ ಕೆಂಪು ಕಲೆ. ಮತ್ತೆ ನೋಡಿದರೆ ಅರ್ಧ ಹೊರಗೆ, ಅರ್ಧ ಒಳಗೆ. ಆಮೇಲೆ ಇದ್ದಕ್ಕಿದ್ದಂತೆ ಒಂದು ದುಂಡನೆಯ ಕುಂಕುಮದ ಬೊಟ್ಟು, ಅಂಚು ನೀಟಾಗಿ, ಒಂಟಿಯಾಗಿ ತೇಲುತ್ತಿರುತ್ತದೆ. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ನನಗೆ ಮೈ ಜುಂ ಅಂದಿದೆ.

ಆ ಬೊಟ್ಟು ಕಂಡ ಮೇಲೆ ಸಮಯ ಇಲ್ಲ. ‘ಸಾಕು’ ಅಂತ ಒಬ್ಬರು ಹೇಳಬೇಕು. ಹೇಳಿದ ಕೂಡಲೇ ತಣ್ಣನೆ ದ್ರಾವಣ ಬಿಟ್ಟು ಕಿಣ್ವವನ್ನು ಮತ್ತೆ ಮಲಗಿಸುತ್ತೇವೆ. ಬೇಗ ಹೇಳಿದರೆ ಅರ್ಧ ಐಲೆಟ್ ಮುದ್ದೆಯಲ್ಲೇ ಉಳಿಯುತ್ತವೆ. ತಡವಾದರೆ ಬೊಟ್ಟಿನ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗುತ್ತದೆ. ಹೇಳುವ ಜವಾಬ್ದಾರಿ ಮೊದಲ ಸಲ ನನಗೆ ಬಂದ ವರ್ಷ, ಒಂದು ದಿನ ನಾನು ಇನ್ನೊಂದು ಸ್ಯಾಂಪಲ್ ನೋಡೋಣ ಅಂದೆ. ಎರಡೇ ನಿಮಿಷ. ಮುಂದಿನ ಗಾಜಿನ ಮೇಲೆ ಒಂದೂ ದುಂಡು ಬೊಟ್ಟು ಇರಲಿಲ್ಲ, ಬರೀ ಕೆಂಪು ಧೂಳು. ಒಂದು ಜೀವ ಹೋಗಿತ್ತು, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಆ ದಿನ ಊಟ ಸೇರಲಿಲ್ಲ. ಆ ಹಂದಿಯ ಕಿವಿಯ ನಂಬರ್ ನನಗೆ ಈಗಲೂ ನೆನಪಿದೆ.

ಇದನ್ನೆಲ್ಲ ಓದಿ ‘ಹಾಗಾದರೆ ಇಷ್ಟು ನಿಮಿಷ ಅಂತ ನಿಗದಿ ಮಾಡಬಹುದಲ್ವಾ’ ಅಂತ ನಿನಗೆ ಅನ್ನಿಸಬಹುದು. ಆಗುವುದಿಲ್ಲ. ಕಿಣ್ವದ ಒಂದು ಲಾಟಿನ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಹಂದಿಯ ಕೊಬ್ಬು, ನಾರು, ವಯಸ್ಸು ಇನ್ನೊಂದರ ಹಾಗಿರುವುದಿಲ್ಲ. ದೋಸೆ ಹಿಟ್ಟು ಎಷ್ಟು ಗಂಟೆಗೆ ಹುದುಗುತ್ತದೆ ಅಂತ ಅಮ್ಮ ಗಡಿಯಾರ ನೋಡಿ ಹೇಳುತ್ತಿದ್ದರಾ?

ಮುಂದಿನದನ್ನು ಬೇಗ ಹೇಳುತ್ತೇನೆ. ಸಿಕ್ಕಿದ್ದನ್ನೆಲ್ಲ ತೊಳೆದು, ರಕ್ತಕಣ ತೊಳೆಯಲೆಂದು ಮಾಡಿದ ಒಂದು ತಿರುಗುವ ಯಂತ್ರಕ್ಕೆ ಹಾಕುತ್ತೇವೆ. ಒಳಗೆ ಬೇರೆ ಬೇರೆ ಸಾಂದ್ರತೆಯ ದ್ರವದ ಪದರಗಳು. ಐಲೆಟ್ ಹಗುರ, ಮೇಲಿನ ಪದರದಲ್ಲಿ ನಿಲ್ಲುತ್ತದೆ. ಉಳಿದ ಕೋಶ ಭಾರ, ಕೆಳಗೆ ಹೋಗುತ್ತದೆ. ಆಮೇಲೆ ಎಣಿಕೆ. ಚಿಕ್ಕದು ದೊಡ್ಡದು ಎಲ್ಲವನ್ನೂ 150 ಮೈಕ್ರಾನಿನ ಒಂದು ಅಳತೆಗೆ ತಂದು ಲೆಕ್ಕ ಹಾಕುತ್ತಾರೆ. ಜೀವಂತ ಇವೆಯೇ ಅಂತ ಇನ್ನೊಂದು ಬಣ್ಣ ಹಾಕಿ ನೋಡುತ್ತಾರೆ: ಬದುಕಿದ್ದರೆ ಹಸಿರು, ಸತ್ತಿದ್ದರೆ ಕೆಂಪು. ಇಲ್ಲಿ ಕೆಂಪು ಕಂಡರೆ ಸಂಕಟ. ಕೊನೆಗೆ ಸಕ್ಕರೆ ಕಮ್ಮಿ ಇರುವ ದ್ರಾವಣದಲ್ಲಿ ಒಮ್ಮೆ, ಜಾಸ್ತಿ ಇರುವುದರಲ್ಲಿ ಒಮ್ಮೆ ಇಟ್ಟು, ಇನ್ಸುಲಿನ್ ಹೆಚ್ಚು ಬಿಡುತ್ತದೆಯೇ ಅಂತ ಪರೀಕ್ಷೆ. ಮನುಷ್ಯರ ಐಲೆಟ್ ಆದರೆ ರೋಗಿಯ ಒಂದು ಕೆಜಿ ತೂಕಕ್ಕೆ ಕನಿಷ್ಠ 5,000 ಬೇಕು. ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೊ ತಂಡ 2000ದಲ್ಲಿ ಏಳು ರೋಗಿಗಳಿಗೆ ಇನ್ಸುಲಿನ್ ಬಿಡಿಸಿ ಹೆಸರಾಯಿತಲ್ಲ, ಅವರು ಕೆಜಿಗೆ 10,000ಕ್ಕೂ ಜಾಸ್ತಿ ಕೊಟ್ಟಿದ್ದರು.

ಒಳಗೆ ಹಾಕುವುದು ಮೇದೋಜೀರಕ ಗ್ರಂಥಿಗೆ ಅಲ್ಲ. ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಚೀಲದಿಂದ ಹನಿ ಹನಿಯಾಗಿ ಬಿಡುತ್ತಾರೆ, ರಕ್ತ ಕೊಟ್ಟಂತೆಯೇ. ಅವು ಯಕೃತ್ತಿನಲ್ಲಿ ಹೋಗಿ ಕೂರುತ್ತವೆ. ರಕ್ತ ಸೋಕಿದ ಮೊದಲ ಗಂಟೆಗಳಲ್ಲೇ ಹೆಪ್ಪುಗಟ್ಟಿ ಒಂದು ದೊಡ್ಡ ಪಾಲು ಸಾಯುತ್ತದೆ. ಬೆಳಗಿನಿಂದ ಜೋಪಾನ ಮಾಡಿದ್ದು ಹಾಗೆ ಹೋಗುವಾಗ ಹೊಟ್ಟೆ ಉರಿಯುತ್ತದೆ. ಹಂದಿಯದಾದರೆ ಈ ನಷ್ಟ ಇನ್ನೂ ಜಾಸ್ತಿ.

ನಿನಗೆ ಆಸಕ್ತಿ ಇದ್ದರೆ ಇನ್ನೊಂದು ದಾರಿಯನ್ನೂ ಓದು. ಎಡ್ಮಂಟನ್‌ನ ಕೊರ್ಬಟ್ ಮತ್ತು ರಾಜೊಟ್ 1996ರಲ್ಲಿ ತೋರಿಸಿದ್ದು. ಒಂದರಿಂದ ಮೂರು ದಿನದ ಮರಿಗಳ ಗ್ರಂಥಿಯನ್ನು ಕತ್ತರಿಯಿಂದ ಸಣ್ಣಗೆ ಮಾಡಿ, ಕಿಣ್ವ ಹಾಕಿ, ಒಂಬತ್ತು ದಿನ ಬೆಳೆಸುವುದು. ಬೇಡದ ಕೋಶಗಳು ತಾವಾಗಿ ಸಾಯುತ್ತವೆ. ಪದರ, ಯಂತ್ರ ಏನೂ ಬೇಡ. ಆದರೆ ಅವು ಪೂರ್ತಿ ಕೆಲಸ ಶುರು ಮಾಡಲು ಒಳಗೆ ಹೋದ ಮೇಲೆ ವಾರಗಟ್ಟಲೆ ಬೇಕು.

ನಾವು ಯಾರ್ಕ್‌ಶೈರ್ ತಳಿಯ ಹಂದಿ ಸಾಕುತ್ತೇವೆ. ಮುಂದೆ ಈ ಕೆಲಸಕ್ಕೆ ನಮ್ಮಂಥವರ ಹಂದಿಗೆ ಬೇಡಿಕೆ ಬರಬಹುದೆ?
— ಕೃಷಿಕರು, ಮಡಿಕೇರಿ ಹತ್ತಿರ

ಮಾಂಸಕ್ಕೆ ಸಾಕಿದ ಹಂದಿ ಇದಕ್ಕೆ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ತಳಿಯ ತಪ್ಪಲ್ಲ. ಆರು ತಿಂಗಳಿಗೆ ಮಾರಾಟಕ್ಕೆ ಬರುವ ಎಳೆ ಹಂದಿಯ ಐಲೆಟ್ ಚಿಕ್ಕದು, ಬಿಡಿಸುವಾಗಲೇ ಪುಡಿಯಾಗುತ್ತದೆ. ನಾಲ್ಕಾರು ಸಲ ಮರಿ ಹಾಕಿದ, ಎರಡು ವರ್ಷ ದಾಟಿದ ಹೆಣ್ಣುಹಂದಿಯದ್ದು ದೊಡ್ಡದು, ಗಟ್ಟಿ. ಅಷ್ಟು ವರ್ಷ ಅದನ್ನು ಒಂದು ರೋಗಾಣುವೂ ಸೋಕದ ಹಾಗೆ ಸಾಕಬೇಕು. ಹೋಟೆಲಿನ ಉಳಿಕೆ ಊಟ ಹಾಕುವ ಹಾಗೇ ಇಲ್ಲ. ಸೋಸಿದ ಗಾಳಿ, ಪರೀಕ್ಷೆ ಮಾಡಿದ ಮೇವು, ತಿಂಗಳು ತಿಂಗಳು ರಕ್ತ ತಪಾಸಣೆ. ನಾನು ಕೊಟ್ಟಿಗೆಗೆ ಹೋಗುವ ಮೊದಲು ತಲೆಗೆ ಸ್ನಾನ, ಬಂದ ಮೇಲೆ ಮತ್ತೆ ತಲೆಗೆ ಸ್ನಾನ. ಹೊರಗೆ ಮೊಣಕಾಲು ಹೂಳುವಷ್ಟು ಹಿಮ ಇದ್ದ ದಿನವೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ನಿಮಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ನ್ಯೂಜಿಲೆಂಡಿನ ದಕ್ಷಿಣಕ್ಕೆ, ಸಮುದ್ರದ ಮಧ್ಯೆ ಆಕ್ಲೆಂಡ್ ದ್ವೀಪಗಳಿವೆ. ಜನ ಇಲ್ಲ, ವಿಪರೀತ ಚಳಿಗಾಳಿ. 1807ರಿಂದ ಹಡಗಿನವರು ಅಲ್ಲಿ ಹಂದಿ ಬಿಟ್ಟರು, ಹಡಗು ಒಡೆದು ದಡ ಸೇರಿದವರಿಗೆ ತಿನ್ನಲು ಏನಾದರೂ ಇರಲಿ ಅಂತ. ಆ ಹಂದಿಗಳು ಬಹಳ ಕಾಲ ಹೊರಗಿನ ಹಂದಿಗಳಿಂದ ದೂರವೇ ಬದುಕಿದವು. ಬೇರೆ ಕಡೆಯ ಅನೇಕ ರೋಗ ಅವಕ್ಕೆ ತಗಲಲಿಲ್ಲ. 1999ರಲ್ಲಿ ತಳಿ ಉಳಿಸುವವರು ಕೆಲವನ್ನು ಇನ್ವರ್ಕಾರ್ಗಿಲ್‌ಗೆ ತಂದರು. ಐಲೆಟ್ ಪ್ರಯೋಗ ಮಾಡುತ್ತಿದ್ದ ಅಲ್ಲಿನ ಕಂಪನಿ ಅವುಗಳ ಮರಿಗಳನ್ನೇ ಆರಿಸಿಕೊಂಡಿತು.

ಅದೇ ದೇಶದಲ್ಲಿ ಬಾಬ್ ಎಲಿಯಟ್ ಅನ್ನುವ ವೈದ್ಯರು ಅದಕ್ಕೂ ಮೊದಲೇ, 1996ರಲ್ಲಿ, ಹಂದಿಯ ಐಲೆಟ್‌ಗಳನ್ನು ಸಮುದ್ರ ಪಾಚಿಯಿಂದ ತೆಗೆದ ಆಲ್ಜಿನೇಟ್ ಗುಳಿಗೆಗಳೊಳಗೆ ಇಟ್ಟು 41 ವರ್ಷದ ಒಬ್ಬರ ಹೊಟ್ಟೆಯ ಪೊಳ್ಳಿನೊಳಗೆ ಸೇರಿಸಿದ್ದರು, ನುಂಗಿಸಿದ್ದಲ್ಲ. ಸಬ್ಬಕ್ಕಿ ಕಾಳಿನ ಹಾಗೆ: ಒಳಗೆ ಸಕ್ಕರೆ ಹೋಗುತ್ತದೆ, ಹೊರಗೆ ಇನ್ಸುಲಿನ್ ಬರುತ್ತದೆ, ಮೈಯ ಕಾವಲು ಕೋಶ ಮಾತ್ರ ಒಳಗೆ ನುಗ್ಗಲಾರದು. ಕಾವಲು ಕುಗ್ಗಿಸುವ ಮಾತ್ರೆ ಬೇಡ. ಅವರ ಇನ್ಸುಲಿನ್ ಪ್ರಮಾಣ ಮೊದಲ ತಿಂಗಳುಗಳಲ್ಲಿ ಇಳಿಯಿತು, ವರ್ಷದ ಹೊತ್ತಿಗೆ ಮತ್ತೆ ಮೊದಲಿನಷ್ಟೇ ಆಯಿತು. ಆದರೆ ಒಂಬತ್ತೂವರೆ ವರ್ಷದ ಮೇಲೆ ಹೊಟ್ಟೆಯೊಳಗೆ ನೋಡಿದಾಗ ಕೆಲವು ಗುಳಿಗೆಗಳಲ್ಲಿ ಕೋಶ ಇನ್ನೂ ಜೀವಂತ ಇದ್ದವು. ಚಿಕಿತ್ಸೆ ಗೆದ್ದಿತು ಅಂತ ಇದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಒಂಬತ್ತೂವರೆ ವರ್ಷ ಬದುಕಿದ್ದವು ಅನ್ನುವುದನ್ನು ಮರೆಯಲೂ ಆಗುವುದಿಲ್ಲ.

ನಾವು ಮುಸ್ಲಿಮರು. ನನ್ನ ಹೆಂಡತಿಗೆ ಟೈಪ್ 1. ಮುಂದೆ ಈ ಚಿಕಿತ್ಸೆ ಬಂದರೆ ನಮಗೆ ಸಲ್ಲುತ್ತದೆಯೇ?
— ಓದುಗರು, ಭಟ್ಕಳ

ನಾನು ಪ್ರಾಣಿ ವೈದ್ಯೆ, ಧರ್ಮದ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಜೀವಕ್ಕೆ ಅಪಾಯ ಇದ್ದು ಬೇರೆ ದಾರಿ ಇಲ್ಲದಾಗ ಏನು ಸಲ್ಲುತ್ತದೆ ಅನ್ನುವ ಚರ್ಚೆ ನಿಮ್ಮ ಧರ್ಮಶಾಸ್ತ್ರದಲ್ಲಿ ಹಳೆಯದು. ನೀವು ನಂಬುವ ಆಲಿಮರನ್ನೇ ಕೇಳಿ. ಕೇಳುವಾಗ ಮೂರು ಸಂಗತಿ ಅವರ ಗಮನಕ್ಕೆ ತನ್ನಿ. ಐಸಿಯುನಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನಿಂದ ಬರುತ್ತದೆ. ಹೃದಯದ ಕವಾಟಕ್ಕೆ ಹಂದಿಯ ಕವಾಟ ಹಾಕುವುದು ದಶಕಗಳಿಂದ ನಡೆದಿದೆ. ಮತ್ತು ನಿಮ್ಮ ಹೆಂಡತಿಗೆ ಇವತ್ತು ಬೇರೆ ದಾರಿ ಇದೆ, ಅದು ಇನ್ಸುಲಿನ್. ಇದೇ ಪ್ರಶ್ನೆಯನ್ನು ಶುದ್ಧ ಸಸ್ಯಾಹಾರಿಗಳಾದ ಇಬ್ಬರು ಓದುಗರೂ ಕೇಳಿದ್ದಾರೆ. ಅವರಿಗೂ ಇದೇ ನನ್ನ ಉತ್ತರ.

ಹಂದಿಯ ರೋಗ ಮನುಷ್ಯರಿಗೆ ಬಂದರೆ ಗತಿ ಏನು? ಈಗ ಸ್ಟೆಮ್ ಸೆಲ್‌ನಿಂದಲೇ ಐಲೆಟ್ ಮಾಡುತ್ತಿದ್ದಾರಂತೆ. ಹಾಗಾದರೆ ಹಂದಿಯ ಕೆಲಸ ನಿಲ್ಲಿಸಬಹುದಲ್ಲ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಭಯ ಸುಳ್ಳಲ್ಲ. ಹಂದಿಯ ವಂಶವಾಹಿಯೊಳಗೇ ಪರ್ವ್ ಅನ್ನುವ ವೈರಸ್ ಸೇರಿಕೊಂಡಿದೆ. ಎಷ್ಟು ಸ್ವಚ್ಛವಾಗಿ ಸಾಕಿದರೂ ಅದು ಹೋಗದು. 1997ರಲ್ಲಿ ಅದು ಲ್ಯಾಬಿನಲ್ಲಿ ಮನುಷ್ಯರ ಕೋಶಕ್ಕೆ ಹರಡಿದ್ದು ಕಂಡಾಗ ಈ ಕ್ಷೇತ್ರವೇ ಬೆಚ್ಚಿತು. ಎರಡು ವರ್ಷದ ನಂತರ, ಹಂದಿಯ ಜೀವಂತ ಅಂಗಾಂಶ ಪಡೆದಿದ್ದ 160 ಜನರನ್ನು ಪರೀಕ್ಷಿಸಿದರು. ಒಬ್ಬರಿಗೂ ಸೋಂಕು ತಗಲಿರಲಿಲ್ಲ. 2017ರಲ್ಲಿ ಕ್ರಿಸ್ಪರ್ ಅನ್ನುವ ವಂಶವಾಹಿ ತಿದ್ದುವ ವಿಧಾನ ಬಳಸಿ ಆ ವೈರಸ್‌ಗಳನ್ನು ನಿಷ್ಕ್ರಿಯ ಮಾಡಿದ ಮರಿಗಳೇ ಹುಟ್ಟಿದವು. ಆದರೆ ಬೇರೆ ವೈರಸ್ ನುಸುಳಬಹುದು. 2022ರಲ್ಲಿ ಮೇರಿಲೆಂಡ್‌ನಲ್ಲಿ ಹಂದಿಯ ಹೃದಯ ಪಡೆದು ಎರಡು ತಿಂಗಳು ಬದುಕಿದವರಲ್ಲಿ, ಹಂದಿಯದೇ ಒಂದು ಸೈಟೊಮೆಗಾಲೊ ವೈರಸ್ ಆಮೇಲೆ ಪತ್ತೆಯಾಯಿತು. ಆ ಎರಡೆರಡು ಸಲದ ಸ್ನಾನ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಸಬಹುದಾದ ಮೂಲ ಕೋಶ, ಮುಂದೆ ಹೋಗಿದೆ, ಒಪ್ಪುತ್ತೇನೆ. 2025ರಲ್ಲಿ ಪ್ರಕಟವಾದ ವರ್ಟೆಕ್ಸ್ ಕಂಪನಿಯ ಪ್ರಯೋಗದಲ್ಲಿ ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷಕ್ಕೆ ಇನ್ಸುಲಿನ್ ಬಿಟ್ಟಿದ್ದರು. ಅವರೂ ಕಾವಲು ಕುಗ್ಗಿಸುವ ಮಾತ್ರೆ ನುಂಗಬೇಕು. ಹಂದಿಯ ಕಡೆ, 2006ರಲ್ಲಿ ಮಿನೆಸೋಟದ ಬರ್ನಾರ್ಡ್ ಹೆರಿಂಗ್ ತಂಡ ಮಂಗಗಳ ಶುಗರನ್ನು ಹಂದಿ ಐಲೆಟ್‌ನಿಂದ 100 ದಿನಕ್ಕೂ ಮೀರಿ ಹತೋಟಿಯಲ್ಲಿಟ್ಟಿತು. ದಕ್ಷಿಣ ಕೊರಿಯಾದ ಸಿಯೋಲ್‌ನ ತಂಡವೊಂದು 2015ರ ಹೊತ್ತಿಗೆ ಒಂದು ಮಂಗದಲ್ಲಿ 600 ದಿನ ದಾಟಿಸಿತು. ನಿಲ್ಲಿಸಬೇಕು ಅಂತ ನನಗೆ ಅನ್ನಿಸುವುದಿಲ್ಲ. ಯಾವುದು ಕಡಿಮೆ ಖರ್ಚಿನಲ್ಲಿ, ಮಾತ್ರೆ ಇಲ್ಲದೆ, ದಾವಣಗೆರೆಯ ಆ ಹುಡುಗನವರೆಗೆ ಬರುತ್ತದೆ ಅನ್ನುವುದು ಮುಖ್ಯ. ಅದು ಹಂದಿಯದೇ ಆಗಲಿ ಅನ್ನುವ ಹಟ ನನಗಿಲ್ಲ. ಹಂದಿಯ ಬದಲು ಬೇರೆ ದಾರಿ ಗೆದ್ದರೆ, ಆ ಕೊಟ್ಟಿಗೆಯಲ್ಲಿ ಕಿವಿಯ ಹಿಂದೆ ಕೆರೆದರೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಜೀವಗಳನ್ನು ನೆನೆದು ನನಗೆ ಸಮಾಧಾನವೇ ಆಗುತ್ತದೆ.

ಅಕ್ಕ, ನಾಳೆ ಇದು ಬಂದರೆ ನಾನು ಹಾಕಿಸಿಕೊಳ್ಳಲಾ?
— ಹಾಸನದಿಂದ, ನಿನ್ನ ತಮ್ಮ

ಫೋನು ಮಾಡಿ ಕೇಳಬಹುದಿತ್ತು, ಪತ್ರಿಕೆಗೇ ಬರೆದಿದ್ದೀಯ. ಹಾಗಾಗಿ ಇಲ್ಲೇ ಹೇಳುತ್ತೇನೆ.

ನಿನಗೆ ಬೇಡ. ನಲವತ್ತು ವರ್ಷದ ಶುಗರ್ ನಿನ್ನ ಕಿಡ್ನಿಯನ್ನು ಸ್ವಲ್ಪ ಸವೆಸಿದೆ. ಆ ಮಾತ್ರೆಗಳು ಅದನ್ನು ಇನ್ನಷ್ಟು ಸವೆಸುತ್ತವೆ. ಶುಗರ್ ಇಳಿದಾಗ ನಿನಗೆ ಇನ್ನೂ ಕೈ ನಡುಗುತ್ತದೆ, ಬೆವರುತ್ತದೆ, ಗೊತ್ತಾಗುತ್ತದೆ. ಆ ಸೂಚನೆ ಇರುವವರೆಗೆ ಇನ್ಸುಲಿನ್ನೇ ನಿನಗೆ ಹೆಚ್ಚು ಕ್ಷೇಮ. ಅದು ಗೊತ್ತಾಗುವುದು ನಿಂತ ದಿನ ಮೊದಲು ನನಗೆ ಹೇಳು, ಆಗ ಮತ್ತೆ ಕೂತು ಯೋಚಿಸೋಣ. ಮಾತ್ರೆ ಬೇಡದ ಗುಳಿಗೆಯೋ, ವಂಶವಾಹಿ ತಿದ್ದಿದ ಕೋಶವೋ ಬಂದರೆ ನಿನ್ನ ವರದಿಗಳನ್ನೆಲ್ಲ ಹಿಡಿದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವವಳು ನಾನೇ.

ಸದ್ಯಕ್ಕೆ ಈ ತಿಂಗಳ ಕಣ್ಣಿನ ತಪಾಸಣೆ ತಪ್ಪಿಸಬೇಡ. ರಾತ್ರಿ ತಲೆದಿಂಬಿನ ಪಕ್ಕದಲ್ಲಿ ಸಕ್ಕರೆ ಡಬ್ಬಿ ಇದೆಯಾ ನೋಡಿಕೋ.